ದಿನಾ ಏನು ಓದುತ್ತೀರಿ? ಆಧ್ಯಾತ್ಮಿಕ ಪುಸ್ತಕಗಳನ್ನು ಎಲ್ಲಿಂದ ಶುರು ಮಾಡಬೇಕು?

ಹೌದು, ದಿನಾ ಓದುತ್ತೇನೆ. ರಾತ್ರಿ ಓದುವುದು ಕಥೆ, ಕಾದಂಬರಿ, ಕೈಗೆ ಸಿಕ್ಕಿದ್ದು. ಅದರ ಬಗ್ಗೆ ಹೇಳುವಂಥದ್ದೇನಿಲ್ಲ. ಬೆಳಿಗ್ಗೆ ಮೊಬೈಲ್ ಮುಟ್ಟುವ ಮೊದಲು ಸ್ವಲ್ಪ ಹೊತ್ತು ಆಧ್ಯಾತ್ಮಿಕ ಪುಸ್ತಕ. ಅಂಥ ಪುಸ್ತಕಗಳಲ್ಲಿ ಏನು ರುಚಿ, ಹೊಸಬರು ಎಲ್ಲಿಂದ ಶುರು ಮಾಡಬೇಕು ಎಂದು ಕೇಳಿದ್ದೀರಲ್ಲ, ಅದಕ್ಕೇ ಬರುತ್ತೇನೆ.

ದಪ್ಪ ಪುಸ್ತಕ ನೋಡಿ ಹೆದರಿ ಬಿಡುವವರೇ ಜಾಸ್ತಿ. ಆದರೆ ಮೂಲ ಗ್ರಂಥಗಳು ಎಷ್ಟು ಚಿಕ್ಕವು ಗೊತ್ತಾ? ಈಶಾವಾಸ್ಯ ಉಪನಿಷತ್ತಿನಲ್ಲಿ ಇರುವುದು 18 ಮಂತ್ರ. ಮಾಂಡೂಕ್ಯದಲ್ಲಿ ಬರೀ 12. ಇಡೀ ಭಗವದ್ಗೀತೆ 700 ಶ್ಲೋಕ. ಇವು ಬಾಯಿಪಾಠ ಮಾಡಿ ಉಳಿಸಿಕೊಂಡು ಬಂದ ಮಾತುಗಳು, ಹಾಗಾಗಿ ಇಷ್ಟು ಬಿಗಿ. ದಪ್ಪ ಇರುವುದು ಆಮೇಲೆ ಬಂದ ವ್ಯಾಖ್ಯಾನಗಳು.

ಬಿಗಿಯಾಗಿರುವುದರಿಂದಲೇ ಇವನ್ನು ಬೇಗ ಬೇಗ ಓದಿದರೆ ಏನೂ ದಕ್ಕುವುದಿಲ್ಲ. ನಾನು ಒಂದೇ ಶ್ಲೋಕವನ್ನು ಗಟ್ಟಿಯಾಗಿ ಓದಿ, ಅರ್ಥ ನೋಡಿ, ಪುಸ್ತಕ ಮುಚ್ಚಿಬಿಡುತ್ತೇನೆ. ವರ್ಷಕ್ಕೆ ಇಷ್ಟು ಪುಸ್ತಕ ಮುಗಿಸುತ್ತೇನೆ ಎಂದು ಲೆಕ್ಕ ಇಡುವವರಿಗೆ ಇದು ಒಗ್ಗುವುದಿಲ್ಲ. ಡಿ.ವಿ.ಜಿ.ಯವರ 'ಮಂಕುತಿಮ್ಮನ ಕಗ್ಗ'ವನ್ನೇ ತೆಗೆದುಕೊಳ್ಳಿ. 945 ಪದ್ಯ. ದಿನಕ್ಕೊಂದರಂತೆ ಓದಿದರೆ ಎರಡೂವರೆ ವರ್ಷ ದಾಟುತ್ತದೆ. ದಾಟಲಿ ಬಿಡಿ, ಯಾರಿಗೆ ಏನು ಅವಸರ?

ನನಗೆ ನಿಜವಾಗಿ ರುಚಿ ಹತ್ತಿದ್ದು ಎರಡು ವ್ಯಾಖ್ಯಾನಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಓದಲು ಶುರು ಮಾಡಿದ ಮೇಲೆ. ಗೀತೆಯ 18ನೇ ಅಧ್ಯಾಯದ 66ನೇ ಶ್ಲೋಕದಲ್ಲಿ ಕೃಷ್ಣ, ಎಲ್ಲ ಧರ್ಮಗಳನ್ನೂ ಬಿಟ್ಟು ನನ್ನೊಬ್ಬನಿಗೇ ಶರಣಾಗು ಅನ್ನುತ್ತಾನೆ. ಅಲ್ಲ, ಇಷ್ಟು ಹೊತ್ತು 'ನಿನ್ನ ಧರ್ಮ ಬಿಡಬೇಡ, ಯುದ್ಧ ಮಾಡು' ಎಂದವನು ಈಗ ಹೀಗೆ ಹೇಳಿದರೆ ಹೇಗೆ? ಶಂಕರರು ಇದನ್ನು ಕರ್ಮವನ್ನೇ ಬಿಡುವ ಮಾತು, ಜ್ಞಾನದ ದಾರಿಗೆ ಸೇರಿದ್ದು ಎನ್ನುತ್ತಾರೆ. ರಾಮಾನುಜರು ಒಪ್ಪುವುದಿಲ್ಲ. ಕೆಲಸ ಬಿಡಬೇಡ, ಫಲದ ಆಸೆಯನ್ನೂ 'ನಾನೇ ಮಾಡಿದೆ' ಅನ್ನುವುದನ್ನೂ ಬಿಡು ಅನ್ನುವುದು ಅವರ ಅರ್ಥ. ಇಬ್ಬರೂ ಸುಮ್ನೆ ಹೇಳಿಲ್ಲ, ಗೀತೆಯ ಬೇರೆ ಶ್ಲೋಕಗಳನ್ನೇ ಆಧಾರವಾಗಿ ತರುತ್ತಾರೆ. ಯಾರು ಸರಿ ಎಂದು ತೀರ್ಪು ಕೊಡುವ ಯೋಗ್ಯತೆ ನನ್ನದಲ್ಲ. ಆದರೆ ಪತ್ತೇದಾರಿ ಕಾದಂಬರಿಯಲ್ಲೂ ನನಗೆ ಇಷ್ಟು ಕುತೂಹಲ ಹುಟ್ಟಿಲ್ಲ.

ಇದಕ್ಕೆಲ್ಲ ದೇವರಲ್ಲಿ ನಂಬಿಕೆ ಇರಲೇಬೇಕಾ? ಬೇಕಿಲ್ಲ. ಬುದ್ಧನ ಮಾತುಗಳ ಸಂಗ್ರಹವಾದ 'ಧಮ್ಮಪದ'ದ ಮೊದಲ ಮಾತೇ ಮನಸ್ಸಿನ ಬಗ್ಗೆ, ದೇವರ ಬಗ್ಗೆ ಅಲ್ಲ. ರೋಮನ್ ಚಕ್ರವರ್ತಿ ಮಾರ್ಕಸ್ ಅರೇಲಿಯಸ್ ತನಗೆ ತಾನೇ ಹೇಳಿಕೊಂಡ ಬುದ್ಧಿಮಾತುಗಳನ್ನು ಗ್ರೀಕ್ ಭಾಷೆಯಲ್ಲಿ ಬರೆದಿಟ್ಟ. ಅದನ್ನೂ ನಾನು ಇದೇ ಸಾಲಿಗೆ ಸೇರಿಸುತ್ತೇನೆ. ಸೇರಿಸದೆ ಬಿಡುವುದು ಕೆಲವೇ ದಿನದಲ್ಲಿ ಮನಶ್ಶಾಂತಿ ಕೊಡಿಸುತ್ತೇನೆ ಎಂದು ಮುಖಪುಟದಲ್ಲೇ ಭರವಸೆ ಕೊಡುವ ಪುಸ್ತಕಗಳನ್ನು. ಇನ್ನು, ಇಷ್ಟೆಲ್ಲ ಓದಿ ನಿಮ್ಮ ಕೋಪ ಕಡಿಮೆ ಆಯ್ತಾ ಎಂದು ಮಾತ್ರ ಕೇಳಬೇಡಿ, ಮನೆಯವರ ಉತ್ತರ ಬೇರೆ ಇರುತ್ತದೆ.

ನೀವು ಶುರು ಮಾಡುವುದಾದರೆ ನನ್ನ ಆಯ್ಕೆ ಕಠೋಪನಿಷತ್ತು, ಏಕೆಂದರೆ ಅದರಲ್ಲಿ ಕಥೆ ಇದೆ. ಅಪ್ಪ ಸಿಟ್ಟಿನಲ್ಲಿ 'ನಿನ್ನನ್ನು ಯಮನಿಗೆ ಕೊಟ್ಟೆ' ಅಂದದ್ದಕ್ಕೆ ನಚಿಕೇತ ಅನ್ನುವ ಹುಡುಗ ಯಮನ ಮನೆಗೆ ಹೋಗುತ್ತಾನೆ. ಯಮ ಇಲ್ಲ. ಮೂರು ರಾತ್ರಿ ಉಪವಾಸ ಕಾಯುತ್ತಾನೆ, ಅದಕ್ಕೆ ಮೂರು ವರ ಸಿಗುತ್ತದೆ. ಮೊದಲ ವರದಲ್ಲಿ ಕೇಳುವುದು ಅಪ್ಪನ ಸಿಟ್ಟು ಇಳಿಯಲಿ ಎಂದು! ಮೂರನೆಯದರಲ್ಲಿ, ಸತ್ತ ಮೇಲೆ ಮನುಷ್ಯ ಇರುತ್ತಾನಾ ಇಲ್ವಾ ಎಂದು ಕೇಳುತ್ತಾನೆ. ಯಮ ತಪ್ಪಿಸಿಕೊಳ್ಳಲು ನೋಡುತ್ತಾನೆ. ಆನೆ, ಕುದುರೆ, ಚಿನ್ನ, ಬೇಕಾದಷ್ಟು ಆಯಸ್ಸು ತಗೋ, ಇದೊಂದು ಬೇಡ ಅನ್ನುತ್ತಾನೆ. ಅವೆಲ್ಲ ನೀನೇ ಇಟ್ಟುಕೋ ಅನ್ನುತ್ತಾನೆ ಹುಡುಗ.

ಪುಸ್ತಕ ಆರಿಸುವಾಗ ಮೂಲ, ಪದಗಳ ಅರ್ಥ, ತಾತ್ಪರ್ಯ ಮೂರೂ ಇವೆಯಾ ನೋಡಿಕೊಳ್ಳಿ. ಮುನ್ನುಡಿ ಉದ್ದ ಇದ್ದರೆ ಅದನ್ನು ಕೊನೆಗೆ ಓದಿ.