ಭಾನುವಾರ ಬಾರದ ಹೊಟ್ಟೆನೋವು

ಪ್ರಶ್ನೆ: ನಮ್ಮದು ಮದ್ದೂರು ತಾಲ್ಲೂಕಿನ ಒಂದು ಹಳ್ಳಿ. ಮಗನಿಗೆ 13 ವರ್ಷ. ಏಳನೇ ತರಗತಿಯವರೆಗೆ ಊರಿನ ಕನ್ನಡ ಶಾಲೆಯಲ್ಲಿ ಚೆನ್ನಾಗಿಯೇ ಓದುತ್ತಿದ್ದ. ಈ ವರ್ಷ ಮಂಡ್ಯದಲ್ಲಿ ಇಂಗ್ಲಿಷ್ ಮಾಧ್ಯಮದ ಶಾಲೆಗೆ ಸೇರಿಸಿದೆವು. ಈಗ ಬೆಳಿಗ್ಗೆ ವ್ಯಾನ್ ಬರುವ ಹೊತ್ತಿಗೆ ಸರಿಯಾಗಿ ಹೊಟ್ಟೆನೋವೆಂದು ಅಳುತ್ತಾನೆ, ಕೆಲವೊಮ್ಮೆ ವಾಂತಿಯೂ ಆಗುತ್ತದೆ. ಹನ್ನೊಂದು ಗಂಟೆಯ ಮೇಲೆ ಆರಾಮವಾಗಿರುತ್ತಾನೆ. ಭಾನುವಾರ ನೋವೇ ಇರುವುದಿಲ್ಲ. ಸ್ಕ್ಯಾನಿಂಗ್, ರಕ್ತಪರೀಕ್ಷೆ ಎಲ್ಲ ಸರಿಯಾಗಿವೆ. ಅತ್ತೆಯವರು ದೃಷ್ಟಿಯಾಗಿದೆಯೆಂದು ತಾಯಿತ ಕಟ್ಟಿಸಿದರು. ನಮ್ಮ ಯಜಮಾನರು ಇದೆಲ್ಲ ನಾಟಕವೆಂದು ಹೊಡೆದರು. ಮೂರು ವಾರದಿಂದ ಶಾಲೆಗೆ ಹೋಗಿಲ್ಲ. ಏನು ಮಾಡಲಿ?
– ಹೆಸರು ಬೇಡ

ಉತ್ತರ: ನೋವು ಹನ್ನೊಂದು ಗಂಟೆಗೆ ಇಳಿಯುತ್ತದೆ, ಭಾನುವಾರ ಬರುವುದಿಲ್ಲ ಎಂಬ ಎರಡು ಸಂಗತಿಗಳೇ ನಿಮ್ಮ ಮನೆಯಲ್ಲಿ ಹುಡುಗನ ವಿರುದ್ಧ ಸಾಕ್ಷಿಯಾಗಿರುವಂತೆ ಕಾಣುತ್ತದೆ. ನನಗೆ ಅವೇ ಅವನ ಪರವಾದ ಸಾಕ್ಷಿಗಳು. ಹೆದರಿಕೆಯಾದಾಗ ದೇಹದಲ್ಲಿ ಅಡ್ರಿನಲಿನ್ ಮುಂತಾದ ರಾಸಾಯನಿಕಗಳು ಏರುತ್ತವೆ, ಜಠರ ಮತ್ತು ಕರುಳಿನ ಚಲನೆ ಏರುಪೇರಾಗುತ್ತದೆ, ಹೊಟ್ಟೆ ಹಿಂಡಿದಂತಾಗಿ ಕೆಲವರಿಗೆ ವಾಂತಿಯೂ ಆಗುತ್ತದೆ. ಸ್ಕ್ಯಾನಿಂಗಿನಲ್ಲಿ ಅಂಗಾಂಗಗಳ ದೋಷ ಕಾಣಬಹುದೇ ಹೊರತು ಈ ಏರುಪೇರು ಕಾಣುವುದಿಲ್ಲ. ವ್ಯಾನ್ ಹೊರಟುಹೋಗಿ, ಇವತ್ತಿಗೆ ಶಾಲೆಯಿಲ್ಲವೆಂದು ಖಚಿತವಾದ ಮೇಲೆ ಹೆದರಿಕೆ ಇಳಿಯುತ್ತದೆ, ಅದರೊಂದಿಗೆ ನೋವೂ ಇಳಿಯುತ್ತದೆ. ಚಕ್ಕರ್ ಹೊಡೆಯುವ ಹುಡುಗರು ಮನೆಯಲ್ಲಿ ಸುಳ್ಳು ಹೇಳಿ ಹೊರಗೆ ಸುತ್ತುತ್ತಾರೆ. ನಿಮ್ಮ ಮಗ ಎಲ್ಲರ ಕಣ್ಣೆದುರಿಗೇ ಮನೆಯಲ್ಲಿ ಉಳಿದಿದ್ದಾನೆ. ಇದಕ್ಕೆ ಶಾಲಾಭೀತಿ ಎನ್ನುತ್ತಾರೆ. ಶಾಲೆ ಬದಲಾದಾಗ, ಪ್ರಾಥಮಿಕದಿಂದ ಪ್ರೌಢಶಾಲೆಗೆ ಬಂದಾಗ ಇದು ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ.

ತೂಕ ಇಳಿಯುವುದು, ಮಲದಲ್ಲಿ ರಕ್ತ, ಜ್ವರ, ರಾತ್ರಿ ನಿದ್ದೆಯಿಂದ ಎಬ್ಬಿಸುವಂಥ ನೋವು – ಇವುಗಳಲ್ಲಿ ಯಾವುದಾದರೂ ಇದ್ದರೆ ಮಕ್ಕಳ ವೈದ್ಯರಿಗೆ ಮತ್ತೆ ತೋರಿಸಿ. ಇಲ್ಲವಾದರೆ ಇನ್ನೊಂದು ಸ್ಕ್ಯಾನಿಂಗ್ ಬೇಡ. ಪ್ರತಿ ಹೊಸ ಪರೀಕ್ಷೆಯೂ ತನಗೆ ಏನೋ ದೊಡ್ಡ ಕಾಯಿಲೆಯಿದೆ ಎಂಬ ಅನುಮಾನವನ್ನು ಹುಡುಗನಲ್ಲಿ ಗಟ್ಟಿಮಾಡುತ್ತದೆ. ತಾಯಿತ ಕೈಯಲ್ಲಿದ್ದರೆ ಇರಲಿ, ಅದರ ಸಲುವಾಗಿ ಅತ್ತೆಯವರೊಡನೆ ಜಗಳವಾಡುವ ಅಗತ್ಯವಿಲ್ಲ. ಹೊಡೆತ ಮಾತ್ರ ಇವತ್ತೇ ನಿಲ್ಲಬೇಕು, ಏಕೆಂದರೆ ಹೆದರಿದ ಮಗುವಿಗೆ ಅದು ಇನ್ನೊಂದು ಹೆದರಿಕೆಯನ್ನು ಸೇರಿಸುತ್ತದೆ, ಅಷ್ಟೇ.

ಹಾಗೆಂದು, "ಪಾಪ, ಸ್ವಲ್ಪ ದಿನ ಮನೆಯಲ್ಲಿರಲಿ, ತಾನಾಗಿಯೇ ಸರಿಹೋಗುತ್ತದೆ" ಎನ್ನುವವರ ಮಾತನ್ನೂ ಕೇಳಬೇಡಿ. ಹೊಡೆತಕ್ಕಿಂತ ಮೃದುವಾಗಿ ಕಾಣುವ ಈ ಸಲಹೆಯೂ ಕಾಯಿಲೆಯನ್ನು ಬೆಳೆಸುವಂಥದ್ದೇ. ಮನೆಯಲ್ಲಿ ಉಳಿದ ದಿನ ಹುಡುಗನಿಗೆ ನಿರಾಳವಾಗುತ್ತದೆ. ಆ ನಿರಾಳವೇ ಮರುದಿನದ ಹೆದರಿಕೆಯನ್ನು ಹೆಚ್ಚಿಸುತ್ತದೆ. ಅದರ ಜೊತೆಗೆ ತಪ್ಪಿಹೋದ ಪಾಠಗಳು, "ಇಷ್ಟು ದಿನ ಎಲ್ಲಿ ಹೋಗಿದ್ದೆ" ಎಂದು ಕೇಳಲಿರುವ ಸಹಪಾಠಿಗಳು ಸೇರಿಕೊಳ್ಳುತ್ತಾರೆ. ಮೂರು ವಾರ ಆಗಲೇ ಕಳೆದಿರುವುದರಿಂದ ತಡಮಾಡುವಂತಿಲ್ಲ.

ಮೊದಲು ಅವನು ಹೆದರುತ್ತಿರುವುದು ಯಾವುದಕ್ಕೆ ಎಂದು ತಿಳಿಯಬೇಕು. ಬೆಳಗಿನ ಗಲಾಟೆಯಲ್ಲಿ "ಯಾಕೆ ಹೋಗುವುದಿಲ್ಲ?" ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಸಂಜೆ, ಏನಾದರೂ ಕೆಲಸ ಮಾಡುತ್ತಿರುವಾಗ, ವ್ಯಾನ್ ಹತ್ತುವುದರಿಂದ ಹಿಡಿದು ಕೊನೆಯ ಗಂಟೆಯವರೆಗೆ ಶಾಲೆಯ ಒಂದು ದಿನವನ್ನು ಅವನಿಂದಲೇ ಹೇಳಿಸಿ. ಯಾವ ಪೀರಿಯಡ್ಡಿನ ಬಳಿ ಮಾತು ತಡವರಿಸುತ್ತದೆಯೋ ಅಲ್ಲಿ ನಿಲ್ಲಿ. ವ್ಯಾನಿನಲ್ಲಿ ದೊಡ್ಡ ಹುಡುಗರು ಕಾಡುತ್ತಿರಬಹುದು. ಶೌಚಾಲಯಕ್ಕೆ ಹೋಗಲು ಸಂಕೋಚವಿರಬಹುದು. ನನ್ನ ಊಹೆಯಲ್ಲಿ ಮಾಧ್ಯಮದ ಬದಲಾವಣೆಯ ಪಾಲು ದೊಡ್ಡದು: ನಿನ್ನೆಯವರೆಗೆ ತರಗತಿಯಲ್ಲಿ ಕೈಯೆತ್ತಿ ಉತ್ತರ ಹೇಳುತ್ತಿದ್ದ ಹುಡುಗ ಇಂದು ಗಣಿತ, ವಿಜ್ಞಾನ, ಸಮಾಜ ಮೂರನ್ನೂ ಹೊಸ ಭಾಷೆಯಲ್ಲಿ ಒಮ್ಮೆಗೇ ಎದುರಿಸಬೇಕಾಗಿದೆ. ಕನ್ನಡದಲ್ಲಿ ಚೆನ್ನಾಗಿ ಓದುತ್ತಿದ್ದವನಾದ್ದರಿಂದ ಕಲಿಕಾ ನ್ಯೂನತೆಯ ಸಂಭವ ಕಡಿಮೆ. ಆದರೂ ಅನುಮಾನವಿದ್ದರೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪರೀಕ್ಷೆ ಮಾಡಿಸಬಹುದು. ಶಾಲೆಯಲ್ಲಿ ಹೊಡೆತ ಅಥವಾ ಅವಮಾನ ನಡೆಯುತ್ತಿದ್ದರೆ, 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ ಎಂಬುದು ನಿಮಗೆ ತಿಳಿದಿರಲಿ.

ನಂತರ ನೀವಿಬ್ಬರೂ ಮುಖ್ಯೋಪಾಧ್ಯಾಯರನ್ನು ಕಂಡು, ಮೊದಲ ಕೆಲವು ದಿನ ಅವನಿಗೆ ಸಲೀಸಾದ ಒಂದೆರಡು ಪೀರಿಯಡ್ ಮಾತ್ರ, ಆಮೇಲೆ ಊಟದ ಬಿಡುವಿನವರೆಗೆ, ಆಮೇಲೆ ಪೂರ್ತಿ ದಿನ ಎಂಬ ಏರ್ಪಾಡನ್ನು ಕೇಳಿ. ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಓದಿಸುವುದನ್ನು ಸದ್ಯಕ್ಕೆ ಬಿಡುವಂತೆಯೂ ವಿನಂತಿಸಿ. ವ್ಯಾನಿನ ಬದಲು ತಂದೆಯೇ ಬೈಕಿನಲ್ಲಿ ಬಿಟ್ಟುಬರುವುದು ಒಳ್ಳೆಯದು. ಹೊಡೆದ ಕೈಯ ಮೇಲೆ ಹುಡುಗನಿಗೆ ಮತ್ತೆ ಭರವಸೆ ಮೂಡಲೂ ಅದು ದಾರಿ. ನೋವೆಂದಾಗ "ನೋವಿದೆ ಎಂದು ಗೊತ್ತು ಮಗ, ಎರಡು ಪೀರಿಯಡ್ ಕೂತು ಬಾ" ಎಂದಷ್ಟೇ ಹೇಳಿ. ಮನೆಯಲ್ಲಿ ಉಳಿದ ದಿನ ಶಾಲೆಯ ಹೊತ್ತಿನಲ್ಲಿ ಟೀವಿ, ಮೊಬೈಲ್ ಬೇಡ. ಎರಡು ವಾರದಲ್ಲಿ ಹೆಜ್ಜೆ ಮುಂದೆ ಹೋಗದಿದ್ದರೆ ಮಂಡ್ಯದ ಮಿಮ್ಸ್ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗಕ್ಕೆ ಕರೆದೊಯ್ಯಿರಿ. ಹೆದರಿಕೆಯನ್ನು ಮೆಟ್ಟಿಲುಮೆಟ್ಟಿಲಾಗಿ ಎದುರಿಸಲು ಕಲಿಸುವ ಮಾತಿನ ಚಿಕಿತ್ಸೆಯೇ ಇದಕ್ಕೆ ಮುಖ್ಯ. ಮಾತ್ರೆ ಎಲ್ಲರಿಗೂ ಬೇಕಾಗುವುದಿಲ್ಲ. ಇಷ್ಟಾದರೂ ಇಂಗ್ಲಿಷ್ ಮಾಧ್ಯಮ ಒಗ್ಗದಿದ್ದರೆ ಕನ್ನಡ ಮಾಧ್ಯಮಕ್ಕೆ ಮರಳುವುದರಲ್ಲಿ ಸೋಲೇನೂ ಇಲ್ಲ. ಆದರೆ ಆ ತೀರ್ಮಾನವನ್ನು ಅವನು ಶಾಲೆಗೆ ಹೋಗತೊಡಗಿದ ಮೇಲೆ ಮಾಡಿ.

ಪ್ರಶ್ನೆ: ಮಗಳಿಗೆ 16, ಪ್ರಥಮ ಪಿಯುಸಿ. ಕೆಲವು ತಿಂಗಳಿಂದ ಕೋಣೆಯ ಬಾಗಿಲು ಹಾಕಿಕೊಂಡೇ ಇರುತ್ತಾಳೆ, ಮಾತಾಡಿಸಿದರೆ ಸಿಡುಕುತ್ತಾಳೆ, ರಾತ್ರಿ ಒಂದು ಗಂಟೆಯವರೆಗೆ ಮಲಗುವುದಿಲ್ಲ. ಭರತನಾಟ್ಯದ ತರಗತಿ ಬಿಟ್ಟಿದ್ದಾಳೆ, ಗೆಳತಿಯರು ಬಂದರೂ ಹೊರಗೆ ಬರುವುದಿಲ್ಲ. ವಯಸ್ಸಿನ ಗುಣವೋ, ಕಾಯಿಲೆಯೋ? ಮನೋವೈದ್ಯರಿಗೆ ತೋರಿಸಿದರೆ ಮುಂದೆ ಮದುವೆಗೆ ತೊಂದರೆಯಾದೀತೆಂದು ಮನೆಯವರಿಗೆ ಭಯ.
– ಒಬ್ಬ ತಂದೆ, ಮೈಸೂರು

ಉತ್ತರ: ತಡರಾತ್ರಿಯವರೆಗೆ ಎಚ್ಚರವಿರುವುದರಲ್ಲಿ ವಯಸ್ಸಿನ ಪಾಲಿದೆ. ಹರೆಯದಲ್ಲಿ ನಿದ್ದೆ ತರುವ ಮೆಲಟೋನಿನ್ ಹಾರ್ಮೋನು ತಡವಾಗಿ ಏರುತ್ತದೆ, ಆದರೆ ದೇಹಕ್ಕೆ ಬೇಕಾದ ನಿದ್ದೆ 8ರಿಂದ 10 ಗಂಟೆಯೇ. ಅಪ್ಪ ಅಮ್ಮನೊಡನೆ ಸಿಡುಕುವುದೂ ಈ ವಯಸ್ಸಿನಲ್ಲಿ ಹೊಸದಲ್ಲ. ನನಗೆ ಚಿಂತೆ ಹುಟ್ಟಿಸುವುದು ಭರತನಾಟ್ಯ ಮತ್ತು ಗೆಳತಿಯರು. ವಯಸ್ಸಿನ ಗುಣವಾದರೆ ಮಕ್ಕಳು ನಮ್ಮಿಂದ ದೂರ ಸರಿದು ಗೆಳೆಯರ ಹತ್ತಿರ ಹೋಗುತ್ತಾರೆ; ಗೆಳತಿಯರನ್ನೂ, ತನಗೆ ಇಷ್ಟವಾದದ್ದನ್ನೂ ಒಟ್ಟಿಗೆ ಬಿಡುವವಳು ಖಿನ್ನತೆಯಲ್ಲಿರಬಹುದು. ಹದಿಹರೆಯದವರ ಖಿನ್ನತೆ ಅಳುವಿಗಿಂತ ಸಿಡುಕಾಗಿ ಕಾಣಿಸಿಕೊಳ್ಳುವುದುಂಟು. ಇಂಥ ಲಕ್ಷಣಗಳು ಎರಡು ವಾರ ಬಿಡದೆ ಇದ್ದರೆ ವೈದ್ಯರು ಪರಿಶೀಲಿಸುತ್ತಾರೆ. ನಿಮ್ಮಲ್ಲಿ ತಿಂಗಳುಗಳೇ ಆಗಿವೆ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ 13ರಿಂದ 17 ವರ್ಷದವರಲ್ಲಿ ಶೇ 7.3ರಷ್ಟು ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆಯಿತ್ತು. ಆದ್ದರಿಂದ ನಿಮ್ಮ ಮನೆಗೆ ಮಾತ್ರ ಬಂದದ್ದೆಂದು ಅಳುಕಬೇಡಿ.

ಸಾಯುವ ಯೋಚನೆ ಬರುತ್ತದೆಯೇ ಎಂದು ಅವಳನ್ನು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ; ಒಳಗಿದ್ದರೆ ಹೇಳಿಕೊಳ್ಳಲು ದಾರಿಯಾಗುತ್ತದೆ. ಹೌದೆಂದರೆ ಅವಳನ್ನು ಒಬ್ಬಳನ್ನೇ ಬಿಡಬೇಡಿ, ಅಂದೇ ಆಸ್ಪತ್ರೆಗೆ ಹೋಗಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ಗೇ ಓಡಬೇಕೆಂದಿಲ್ಲ, ನಿಮ್ಮ ಕೆ.ಆರ್. ಆಸ್ಪತ್ರೆಯಲ್ಲೇ ಮನೋವೈದ್ಯಕೀಯ ವಿಭಾಗವಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ರೋಗಿಯ ವಿವರವನ್ನು ಗುಟ್ಟಾಗಿಡುವುದು ಚಿಕಿತ್ಸೆ ನೀಡುವವರ ಹೊಣೆ. ಮದುವೆಯ ಮಾತಿಗೆ ಇನ್ನೂ ವರ್ಷಗಳಿವೆ. ಚಿಕಿತ್ಸೆಗೆ ಅಷ್ಟು ಸಮಯವಿಲ್ಲ.

ಪ್ರಶ್ನೆ: ಸೊಸೆ ತೀರಿಕೊಂಡಳು. ಆರು ವರ್ಷದ ಮೊಮ್ಮಗಳಿಗೆ "ಅಮ್ಮ ಊರಿಗೆ ಹೋಗಿದ್ದಾಳೆ" ಎಂದು ಹೇಳಿದ್ದೇವೆ. ದಿನವೂ ಬಾಗಿಲಲ್ಲಿ ಕಾಯುತ್ತಾಳೆ.
– ಅಜ್ಜಿ, ಮಳವಳ್ಳಿ

ಉತ್ತರ: ಅಜ್ಜಿ, ನಿಜ ಹೇಳಿಬಿಡಿ. ಐದರಿಂದ ಏಳು ವರ್ಷದೊಳಗೆ ಬಹುತೇಕ ಮಕ್ಕಳಿಗೆ ಸತ್ತವರು ಮರಳುವುದಿಲ್ಲವೆಂಬುದು ಅರ್ಥವಾಗತೊಡಗುತ್ತದೆ. ಊರಿಗೆ ಹೋದ ಅಮ್ಮ ಬಾರದಿದ್ದರೆ, ತನ್ನನ್ನು ಬೇಡವೆಂದು ಬಿಟ್ಟುಹೋದಳೆಂದು ಮಗು ತಿಳಿಯುತ್ತದೆ. ತಂದೆ ಹೇಳಿದರೆ ಒಳ್ಳೆಯದು, ನೀವು ಪಕ್ಕದಲ್ಲಿರಿ. "ಅಮ್ಮನಿಗೆ ತುಂಬ ಹುಷಾರಿರಲಿಲ್ಲ, ಸತ್ತುಹೋದಳು, ಮತ್ತೆ ಬರುವುದಿಲ್ಲ, ಅದು ನಿನ್ನಿಂದ ಆದದ್ದಲ್ಲ" ಎಂಬಂತೆ ನಡೆದದ್ದನ್ನು ಸರಳವಾಗಿ ಹೇಳಿ. ನಿದ್ದೆ ಹೋದಳು ಎನ್ನಬೇಡಿ, ಮಲಗಲು ಹೆದರಿಯಾಳು. ಅದೇ ಪ್ರಶ್ನೆಯನ್ನು ಹಲವು ಬಾರಿ ಕೇಳುತ್ತಾಳೆ, ಅದೇ ಉತ್ತರವನ್ನು ಕೊಡಿ. ಅತ್ತ ಸ್ವಲ್ಪ ಹೊತ್ತಿಗೆ ಆಡಲು ಓಡಿದರೆ ಮರೆತಳೆಂದು ಭಾವಿಸಬೇಡಿ. ಚಿಕ್ಕ ಮಕ್ಕಳ ದುಃಖ ಹಾಗೆ ತುಂಡುತುಂಡಾಗಿಯೇ ಬರುತ್ತದೆ.