ನಿಮ್ಮ ಲೇಖನ ಎಂಟನೇ ಪುಟದಲ್ಲಿ ಶುರುವಾಗುತ್ತದೆ

ನಮಸ್ಕಾರ.

ಜಾವಾ ಸರ್ವರ್ ನಿಧಾನವಾದರೆ ಏನು ಮಾಡಬೇಕು ಅಂತ ನೀವು ಬರೆದು ಕಳಿಸಿದ ಹನ್ನೊಂದು ಪುಟಗಳನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಇದನ್ನು ನಮ್ಮ ಸಂಚಿಕೆಯಲ್ಲಿ ಹಾಕಲು ಆಗುವುದಿಲ್ಲ. ಆದರೆ ದಯವಿಟ್ಟು ಕೈಬಿಡಬೇಡಿ. ಇದರೊಳಗೆ ಒಂದು ಒಳ್ಳೆಯ ಲೇಖನ ಇದೆ. ಅದು ಎಂಟನೇ ಪುಟದಲ್ಲಿ ಶುರುವಾಗಿ ಒಂದೂವರೆ ಪುಟದಲ್ಲಿ ಮುಗಿದುಹೋಗುತ್ತದೆ. ಅದನ್ನು ಹೇಳುವುದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಅದಕ್ಕೂ ಮೊದಲು ಒಂದು ತುರ್ತು ಮಾತು. ಹೀಪ್ ಡಂಪ್ ತೋರಿಸಲು ನೀವು ಹಾಕಿದ ಚಿತ್ರದಲ್ಲಿ ಗ್ರಾಹಕರ ಫೋನ್ ನಂಬರುಗಳು ಸ್ಪಷ್ಟವಾಗಿ ಕಾಣುತ್ತಿವೆ. ನಮ್ಮ ಕಡೆ ಇದ್ದ ಫೈಲನ್ನು ಅಳಿಸಿದ್ದೇನೆ, ನೀವೂ ಅಳಿಸಿ. ಹೀಪ್ ಡಂಪ್ ಅಂದರೆ ಆ ಕ್ಷಣದಲ್ಲಿ ಪ್ರೋಗ್ರಾಮಿನ ಹೀಪ್ ಅನ್ನುವ ಮೆಮೊರಿಯ ಜಾಗದಲ್ಲಿ ಏನೇನಿತ್ತೋ ಅದೆಲ್ಲ. ಪಾಸ್‌ವರ್ಡ್ ಇರಬಹುದು, ಟೋಕನ್ ಇರಬಹುದು, ಯಾರದೋ ವಿಳಾಸ ಇರಬಹುದು. ಅದನ್ನು ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳುವುದಕ್ಕೂ ಆಫೀಸಿನಲ್ಲಿ ಕೇಳಬೇಕು. ಈ ಎಚ್ಚರಿಕೆ ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ, ಸೇರಿಸಿ. ಡಂಪ್ ಬರೆದುಕೊಳ್ಳುವಷ್ಟು ಹೊತ್ತು ಸರ್ವರ್ ಪೂರ್ತಿ ನಿಂತಿರುತ್ತದೆ ಅನ್ನುವುದನ್ನೂ ಸೇರಿಸಿ. ಹೀಪ್ ದೊಡ್ಡದಾಗಿದ್ದರೆ ಆ ಹೊತ್ತು ಚಿಕ್ಕದೇನಲ್ಲ.

ಈಗ ಲೇಖನಕ್ಕೆ ಬರುತ್ತೇನೆ. ಮೊದಲ ಏಳು ಪುಟಗಳಲ್ಲಿ ಜಾವಾ 1995ರಲ್ಲಿ ಸನ್ ಕಂಪನಿಯಿಂದ ಹೊರಬಂದ ಕಥೆ ಇದೆ, ಜಾವಾ ಪ್ರೋಗ್ರಾಮನ್ನು ಓಡಿಸುವ ಜೆವಿಎಂ ಒಳಗಿನ ಭಾಗಗಳ ಚಿತ್ರ ಇದೆ, ಆಮೇಲೆ ಜೆಸ್ಟ್ಯಾಕ್, ಜೆಮ್ಯಾಪ್, ಜೆಸ್ಟ್ಯಾಟ್, ಜೆಸಿಎಂಡಿ, ವಿಷುವಲ್‌ವಿಎಂ ಹೀಗೆ ಒಂದೊಂದು ಉಪಕರಣಕ್ಕೂ ಒಂದು ಪ್ಯಾರಾ. ಯಾವುದೂ ತಪ್ಪಲ್ಲ. ಆದರೆ ಇದು ಅಂಗಡಿಯ ಸಾಮಾನಿನ ಪಟ್ಟಿಯ ಹಾಗಿದೆ. ನಿಮ್ಮ ಓದುಗ ಯಾರು ಅಂತ ಸ್ವಲ್ಪ ಯೋಚಿಸಿ. ಎರಡು ಮೂರು ವರ್ಷ ಕೆಲಸ ಮಾಡಿದ ಹುಡುಗ ಅಥವಾ ಹುಡುಗಿ, ಹುಬ್ಬಳ್ಳಿಯಲ್ಲೋ ಎಲೆಕ್ಟ್ರಾನಿಕ್ ಸಿಟಿಯಲ್ಲೋ ಇರುವವರು, ರಾತ್ರಿ ಒಂದೂವರೆಗೆ ಫೋನ್ ಬಂದು ಎದ್ದು ಕೂತಿದ್ದಾರೆ, ಗುಂಪು ಕಾಲಿನಲ್ಲಿ ಎಂಟು ಜನ ಒಟ್ಟಿಗೆ ಮಾತಾಡುತ್ತಿದ್ದಾರೆ, ಮ್ಯಾನೇಜರ್ ಐದು ನಿಮಿಷಕ್ಕೊಮ್ಮೆ ಆಯ್ತಾ ಅಂತ ಕೇಳುತ್ತಿದ್ದಾರೆ. ಅವರಿಗೆ ಎಷ್ಟು ಉಪಕರಣ ಇವೆ ಅನ್ನುವುದು ಬೇಡ. ಮೊದಲು ಯಾವುದನ್ನು ನೋಡಬೇಕು, ನೋಡಿದ್ದನ್ನು ಹೇಗೆ ಓದಬೇಕು, ಯಾವುದನ್ನು ನಂಬಬಾರದು, ಅದು ಬೇಕು.

ಅದು ನಿಮ್ಮ ಎಂಟನೇ ಪುಟದಲ್ಲಿದೆ. ನಾನು ಓದಿದ ಹಾಗೆ ಕಥೆ ಇಷ್ಟು. ಕಾಲೇಜು ಫೀಸು ಕಟ್ಟುವ ಕೊನೆಯ ದಿನ, ಬೆಳಿಗ್ಗೆ ಹನ್ನೊಂದರ ಹೊತ್ತು. ಪೇಜು ಸುತ್ತುತ್ತಲೇ ಇದೆ, ತೆರೆಯುತ್ತಿಲ್ಲ. ಸಿಪಿಯು ಶೇಕಡಾ 15 ಕೂಡ ಇಲ್ಲ. ಹೀಪ್ ಅರ್ಧ ಖಾಲಿ. ಆದರೂ ಯಾರೋ ಮೆಮೊರಿ ಸಾಲುತ್ತಿಲ್ಲ ಅಂದರು, ನೀವು ಹೀಪನ್ನು 4 ಜಿಬಿಯಿಂದ 8 ಜಿಬಿಗೆ ಏರಿಸಿ ರೀಸ್ಟಾರ್ಟ್ ಮಾಡಿದಿರಿ. ಹತ್ತು ನಿಮಿಷ ಓಡಿತು, ಮತ್ತೆ ನಿಂತಿತು. ಇನ್ನೊಮ್ಮೆ ರೀಸ್ಟಾರ್ಟ್, ಮತ್ತೆ ಅದೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಅಂತಾರಲ್ಲ, ಹಾಗೆ. ಮೂರನೇ ಸಲ ನಿಮ್ಮ ಹಿರಿಯ ಸಹೋದ್ಯೋಗಿ ಒಬ್ಬರು ತಡೆದು, ರೀಸ್ಟಾರ್ಟ್ ಮಾಡುವ ಮೊದಲು ಥ್ರೆಡ್ ಡಂಪ್ ತೆಗೆಯಿರಿ ಅಂದರು. ಥ್ರೆಡ್ ಅಂದರೆ ಸರ್ವರಿನೊಳಗೆ ಒಂದೊಂದು ಕೋರಿಕೆಯನ್ನು ನೋಡಿಕೊಳ್ಳುವ ಕೆಲಸಗಾರ, ಥ್ರೆಡ್ ಡಂಪ್ ಅಂದರೆ ಆ ಕ್ಷಣ ಯಾವ ಥ್ರೆಡ್ ಏನು ಮಾಡುತ್ತಿದೆ ಅನ್ನುವ ಪಟ್ಟಿ. ನಿಮ್ಮ ವೆಬ್ ಸರ್ವರ್ ಟಾಮ್‌ಕ್ಯಾಟಿನ 200 ಥ್ರೆಡ್‌ಗಳಲ್ಲಿ 190, ಡೇಟಾಬೇಸ್ ಕನೆಕ್ಷನ್ ಹಂಚುವ ಹಿಕಾರಿ ಪೂಲಿನ ಬಾಗಿಲಲ್ಲಿ ಕನೆಕ್ಷನ್ನಿಗಾಗಿ ಕಾಯುತ್ತಿದ್ದವು. ಉಳಿದ 10 ಥ್ರೆಡ್‌ಗಳ ಕೈಯಲ್ಲಿ ಒಂದೊಂದು ಕನೆಕ್ಷನ್. ಆ ಹತ್ತೂ ಒಂದೇ ಕ್ವೆರಿಯ, ಅಂದರೆ ಡೇಟಾಬೇಸಿಗೆ ಕೇಳಿದ ಒಂದೇ ಪ್ರಶ್ನೆಯ ಉತ್ತರಕ್ಕೆ ಕಾಯುತ್ತಿದ್ದವು. ಹಿಂದಿನ ಶುಕ್ರವಾರ ಆಫೀಸ್ ಸಿಬ್ಬಂದಿಗೆಂದು ಸೇರಿಸಿದ ಒಂದು ರಿಪೋರ್ಟ್, ತಾರೀಖಿನ ಕಾಲಮ್ಮಿಗೆ ಬೇಗ ಹುಡುಕಲು ಬೇಕಾದ ಇಂಡೆಕ್ಸ್ ಇಲ್ಲ, ಒಂದೊಂದು ಸಲಕ್ಕೂ 40 ಸೆಕೆಂಡ್.

ಎಷ್ಟು ಚೆನ್ನಾಗಿದೆ ನೋಡಿ. ಇದನ್ನು ಒಂದೂವರೆ ಪುಟದಲ್ಲಿ ಹೇಳಿ, 'ಹೀಗೆ ಥ್ರೆಡ್ ಡಂಪ್ ಬಹಳ ಉಪಯುಕ್ತ' ಅಂತ ಬರೆದು ಮುಂದಕ್ಕೆ ಓಡಿದ್ದೀರಿ. ಇಲ್ಲಿ ನಿಲ್ಲಬೇಕಿತ್ತು. ಲೆಕ್ಕ ಮಾಡಿ ತೋರಿಸಬೇಕಿತ್ತು.

ಹಿಕಾರಿ ಪೂಲಿನಲ್ಲಿ ನಾವು ಏನೂ ಬದಲಿಸದಿದ್ದರೆ 10 ಕನೆಕ್ಷನ್ ಇರುತ್ತವೆ. ಟಾಮ್‌ಕ್ಯಾಟಿನಲ್ಲಿ ಏನೂ ಬದಲಿಸದಿದ್ದರೆ 200 ಥ್ರೆಡ್. ಫೀಸು ಕಟ್ಟುವ ಒಂದು ಕೋರಿಕೆ ಕನೆಕ್ಷನ್ನನ್ನು 20 ಮಿಲಿಸೆಕೆಂಡ್ ಹಿಡಿದಿರುತ್ತದೆ ಅಂತ ಇಟ್ಟುಕೊಳ್ಳಿ. ಹಾಗಾದರೆ ಒಂದು ಕನೆಕ್ಷನ್ ಸೆಕೆಂಡಿಗೆ 50 ಕೋರಿಕೆ ಮುಗಿಸುತ್ತದೆ, ಹತ್ತು ಸೇರಿ 500. ಒಂದು ಕಾಲೇಜಿಗೆ ಇದು ಧಾರಾಳ. ಈಗ ಸಿಬ್ಬಂದಿಯಲ್ಲಿ ಹತ್ತು ಜನ ಆ ರಿಪೋರ್ಟ್ ಒತ್ತಿದರೆ ಸಾಕು, 40 ಸೆಕೆಂಡ್ ಬಾಗಿಲು ಮುಚ್ಚಿಹೋಯಿತು. ಉತ್ತರ ಬರಲಿಲ್ಲ ಅಂತ ಅವರು ಇನ್ನೊಮ್ಮೆ ಒತ್ತುತ್ತಾರೆ, ಎಲ್ಲರೂ ಮಾಡುವುದು ಅದೇ ಅಲ್ವಾ. ಒಳಗಿರುವವರ ಸಂಖ್ಯೆ, ಬರುವ ವೇಗ, ಒಬ್ಬೊಬ್ಬರು ಇರುವ ಹೊತ್ತು, ಈ ಮೂರರ ಸಂಬಂಧಕ್ಕೆ ಜಾನ್ ಲಿಟಲ್ 1961ರಲ್ಲಿ ಗಣಿತದ ಪುರಾವೆ ಕೊಟ್ಟರು. ಅದನ್ನು ಲಿಟಲ್ ನಿಯಮ ಅಂತಾರೆ. ನಿಮ್ಮ ಫೀಸಿನ ಸರ್ವರ್ ಆ ನಿಯಮದ ಒಳ್ಳೆಯ ಉದಾಹರಣೆ. ಜಾವಾ ಹುಟ್ಟಿದ ಕಥೆಯನ್ನು ತೆಗೆದು ಆ ಜಾಗದಲ್ಲಿ ಇದನ್ನು ಹಾಕಿ.

ಇನ್ನೊಂದು ಸುಳಿವು ನಿಮ್ಮ ಒಂಬತ್ತನೇ ಪುಟದಲ್ಲಿ ಸುಮ್ನೆ ಬಿದ್ದಿದೆ. ಲಾಗಿನಲ್ಲಿ 'ಕನೆಕ್ಷನ್ ಸಿಗಲಿಲ್ಲ, 30000 ಮಿಲಿಸೆಕೆಂಡ್ ಆದ ಮೇಲೆ ಸಮಯ ಮುಗಿಯಿತು' ಅನ್ನುವ ಅರ್ಥದ ಸಾಲುಗಳು ನೂರಾರು ಇದ್ದವು, ನಾವು ಗಮನಿಸಲಿಲ್ಲ ಅಂತ ಬರೆದಿದ್ದೀರಿ. ಆ 30 ಸೆಕೆಂಡ್ ಹಿಕಾರಿಯ ಮಾಮೂಲಿ ಮಿತಿ. ದೋಷದಲ್ಲಿ ಇಂಥ ದುಂಡು ಸಂಖ್ಯೆ ಕಂಡರೆ ಅದು ಯಾವುದೋ ಸೆಟ್ಟಿಂಗಿನದು ಅಂತ ಅನುಮಾನಿಸಬೇಕು. ಈ ಒಂದು ಮಾತನ್ನು ಓದುಗನಿಗೆ ಕಲಿಸಿದರೆ, ಮುಂದಿನ ಸಲ ಅವನು ಲಾಗ್ ನೋಡಿಯೇ ಅರ್ಧ ದಾರಿ ನಡೆದಿರುತ್ತಾನೆ.

ರೀಸ್ಟಾರ್ಟ್ ಆದ ಮೇಲೆ ಹತ್ತು ನಿಮಿಷ ಯಾಕೆ ಚೆನ್ನಾಗಿತ್ತು? ಇದಕ್ಕೂ ನೀವು ಉತ್ತರ ಕೊಟ್ಟಿಲ್ಲ. ಸಿಬ್ಬಂದಿ ಮತ್ತೆ ಲಾಗಿನ್ ಆಗಿ ಮತ್ತೆ ಆ ರಿಪೋರ್ಟಿಗೆ ಬರುವವರೆಗೆ ಸಮಯ ಹಿಡಿಯಿತು ಅಂತ ನನಗೆ ಅನಿಸುತ್ತದೆ. ಆಕ್ಸೆಸ್ ಲಾಗ್ ಇದ್ದರೆ ನೋಡಿ ಖಚಿತ ಮಾಡಿಕೊಳ್ಳಿ, ಊಹೆ ಬರೆಯಬೇಡಿ.

ಆಮೇಲೆ ಪರಿಹಾರದ ಭಾಗ. ಪೂಲನ್ನು 100ಕ್ಕೆ ಏರಿಸಿದೆವು, ಇಂಡೆಕ್ಸ್ ಹಾಕಿದೆವು, ಸರಿಹೋಯಿತು ಅಂತ ಬರೆದಿದ್ದೀರಿ. ಎರಡನ್ನೂ ಒಂದೇ ಸಂಜೆ ಮಾಡಿದರೆ ಯಾವುದರಿಂದ ಸರಿಹೋಯಿತು ಅಂತ ಹೇಗೆ ಗೊತ್ತು? ನನ್ನ ಪ್ರಕಾರ ಇಂಡೆಕ್ಸಿನಿಂದ. ಪೂಲ್ ಮಾತ್ರ ಏರಿಸಿದ್ದರೆ ಆ 40 ಸೆಕೆಂಡಿನ ಕ್ವೆರಿ ನೂರು ಒಟ್ಟಿಗೆ ಡೇಟಾಬೇಸಿನ ಮೇಲೆ ಬೀಳುತ್ತಿದ್ದವು, ಆಗ ಡೇಟಾಬೇಸೇ ಮಲಗುತ್ತಿತ್ತು. ಕೊನೆಯಲ್ಲಿ ವರ್ಚುವಲ್ ಥ್ರೆಡ್ (ಸಾವಿರಾರು ಸಂಖ್ಯೆಯಲ್ಲಿ ಮಾಡಬಹುದಾದ ಹಗುರ ಥ್ರೆಡ್) ಬಳಸಿದರೆ ಈ ತೊಂದರೆಯೇ ಇರುವುದಿಲ್ಲ ಅಂತಲೂ ಹೇಳಿದ್ದೀರಿ. 2023ರಲ್ಲಿ ಜಾವಾ 21ರ ಜೊತೆ ಪೂರ್ಣವಾಗಿ ಬಂದ ಅವು ನಿಜಕ್ಕೂ ದೊಡ್ಡ ಅನುಕೂಲ. ಆದರೆ ಇಲ್ಲಿ ಏನಾಗುತ್ತಿತ್ತು? 190 ಜನ ಕಾಯುವ ಬದಲು ಸಾವಿರಾರು ಜನ ಕಾಯುತ್ತಿದ್ದರು, ಒಳಗೆ ಹೋಗುವ ಬಾಗಿಲು ಮಾತ್ರ ಹತ್ತೇ. ಆ ಪ್ಯಾರಾ ತೆಗೆದುಬಿಡಿ.

ಇನ್ನು ತಿದ್ದಲೇಬೇಕಾದ ತಪ್ಪುಗಳು.

ಥ್ರೆಡ್ ಡಂಪಿನಲ್ಲಿ 'ರನ್ನಬಲ್' ಅಂತ ಇದ್ದರೆ ಅದು ಸಿಪಿಯು ಬಳಸುತ್ತಿದೆ ಅಂತ ಬರೆದಿದ್ದೀರಿ. ಹಾಗಲ್ಲ. ಡೇಟಾಬೇಸಿನ ಉತ್ತರಕ್ಕೆ ನೆಟ್‌ವರ್ಕ್ ಸಾಕೆಟ್ಟಿನ ಮೇಲೆ ಕಾಯುತ್ತಿರುವ ಥ್ರೆಡ್ ಕೂಡ ರನ್ನಬಲ್ ಅಂತಲೇ ಕಾಣುತ್ತದೆ. ನಿಮ್ಮ ಆ ಹತ್ತು ಥ್ರೆಡ್‌ಗಳೂ ಹಾಗೇ ಕಂಡಿರಬೇಕು, ಮತ್ತೆ ನೋಡಿ. ಯಾವ ಥ್ರೆಡ್ ನಿಜವಾಗಿ ಸಿಪಿಯು ತಿನ್ನುತ್ತಿದೆ ಅಂತ ತಿಳಿಯಲು ಲಿನಕ್ಸಿನ ಟಾಪ್ ಕಮಾಂಡಿನಲ್ಲಿ ಥ್ರೆಡ್‌ವಾರು ನೋಡಬೇಕು. ಅಲ್ಲಿ ಸಿಕ್ಕ ನಂಬರನ್ನು ಡಂಪಿನಲ್ಲಿ ಹುಡುಕಬೇಕು. ಹಳೆಯ ಜಾವಾದಲ್ಲಿ ಡಂಪಿನೊಳಗೆ ಅದು ಹೆಕ್ಸಾಡೆಸಿಮಲ್ಲಿನಲ್ಲಿ (ಹದಿನಾರರ ಲೆಕ್ಕದಲ್ಲಿ) ಇರುತ್ತದೆ, ಪರಿವರ್ತಿಸಿಕೊಳ್ಳಬೇಕು. ಮತ್ತೆ ಒಂದು ಡಂಪ್ ಯಾವತ್ತೂ ಸಾಲದು. ಹತ್ತು ಸೆಕೆಂಡ್ ಬಿಟ್ಟು ಬಿಟ್ಟು ಮೂರು ತೆಗೆಯಬೇಕು. ಮೂರರಲ್ಲೂ ಅದೇ ಥ್ರೆಡ್ ಅದೇ ಸಾಲಿನಲ್ಲಿ ನಿಂತಿದ್ದರೆ ಅಲ್ಲಿ ಏನೋ ಇದೆ. ಇದಕ್ಕೆಲ್ಲ ಒಂದು ನಿಮಿಷವೂ ಬೇಡ, ಆದರೆ ರೀಸ್ಟಾರ್ಟ್ ಒತ್ತಿದ ಮೇಲೆ ಆ ಸಾಕ್ಷಿ ಮತ್ತೆ ಸಿಗುವುದಿಲ್ಲ.

'ಮೆಮೊರಿ ಶೇಕಡಾ 80 ದಾಟಿದರೆ ಲೀಕ್ ಇದೆ' (ಲೀಕ್ ಅಂದರೆ ಬೇಡವಾದ ಡೇಟಾ ಮೆಮೊರಿಯಲ್ಲೇ ಉಳಿದುಬಿಡುವುದು) ಅನ್ನುವ ಸಾಲು ಜನರನ್ನು ದಾರಿ ತಪ್ಪಿಸುತ್ತದೆ. ಹೀಪಿನ ಗ್ರಾಫ್ ಗರಗಸದ ಹಲ್ಲಿನ ಹಾಗೆ ಏರಿ ಇಳಿಯುವುದು ಸಹಜ. ಕಸ ತೆಗೆಯುವ ಹೊತ್ತು ಬರುವವರೆಗೆ ಜೆವಿಎಂ ಜಾಗ ತುಂಬಿಸುತ್ತಲೇ ಹೋಗುತ್ತದೆ. ನೋಡಬೇಕಾದ್ದು ಪೂರ್ತಿ ಜಿಸಿ, ಅಂದರೆ ಈ ಕಸ ತೆಗೆಯುವ ಕೆಲಸ, ಆದ ಮೇಲೆ ಉಳಿಯುವ ತಳ. ಸೋಮವಾರ 1 ಜಿಬಿ, ಮಂಗಳವಾರ ಒಂದೂವರೆ, ಬುಧವಾರ 2 ಅಂತ ಆ ತಳವೇ ಮೇಲೇರುತ್ತಿದ್ದರೆ ಆಗ ಲೀಕ್ ಹುಡುಕಬೇಕು. ಆಗ ಹೀಪ್ ಏರಿಸಿದರೆ ಬೀಳುವ ದಿನ ಸ್ವಲ್ಪ ಮುಂದಕ್ಕೆ ಹೋಗುತ್ತದೆ, ಅಷ್ಟೇ.

ಸರಾಸರಿ ಸಮಯದ ಗ್ರಾಫ್ ತೆಗೆಯಿರಿ. 99 ಕೋರಿಕೆಗಳಿಗೆ 50 ಮಿಲಿಸೆಕೆಂಡ್, ಒಂದಕ್ಕೆ 10 ಸೆಕೆಂಡ್ ಹಿಡಿದರೆ ಸರಾಸರಿ ಸುಮಾರು 150 ಮಿಲಿಸೆಕೆಂಡ್ ಬರುತ್ತದೆ. ಎಲ್ಲ ಚೆನ್ನಾಗಿದೆ ಅಂತ ಕಾಣುತ್ತದೆ. ಆ 10 ಸೆಕೆಂಡ್ ಕಾದವರು ಫೀಸು ಕಟ್ಟಲಾಗದೆ ಅಳುತ್ತಿದ್ದ ವಿದ್ಯಾರ್ಥಿ ಇರಬಹುದು. ನಿಧಾನವಾದ ಕೊನೆಯ ಐದು, ಕೊನೆಯ ಒಂದು ಶೇಕಡಾ ಜನರಿಗೆ ಎಷ್ಟು ಹೊತ್ತಾಯಿತು ಅನ್ನುವುದನ್ನು ಹಾಕಿ.

ಜಿಸಿ ಲಾಗಿಗೆ ನೀವು ಕೊಟ್ಟ ಸೆಟ್ಟಿಂಗುಗಳು ಜಾವಾ 8ರವು. ಅದರಲ್ಲಿ ಒಂದು, ಪ್ರಿಂಟ್‌ಜಿಸಿಡೇಟ್‌ಸ್ಟ್ಯಾಂಪ್ಸ್, ಜಾವಾ 9ರಿಂದ ಈಚೆಗೆ ಹಾಕಿದರೆ ಸರ್ವರ್ ಏಳುವುದೇ ಇಲ್ಲ. ನಿಮ್ಮನ್ನು ನಂಬಿ ನಕಲು ಮಾಡಿಕೊಂಡವರ ಸ್ಥಿತಿ ಯೋಚಿಸಿ. ಕಸ ತೆಗೆಯಲು ಸಿಎಂಎಸ್ ಅನ್ನುವ ವಿಧಾನ ಬಳಸಿ ಅಂದಿದ್ದೀರಿ, ಅದನ್ನು 2020ರಲ್ಲಿ ಜಾವಾ 14ರಿಂದ ತೆಗೆದುಹಾಕಿದ್ದಾರೆ. ಯಾವ ಸಾಲು ಯಾವ ಆವೃತ್ತಿಗೆ ಅಂತ ಪ್ರತಿ ಸಲ ಬರೆಯಿರಿ.

ಜೆವಿಎಂ ಒಳಗೆ ನಡೆಯುವುದನ್ನು ದಾಖಲಿಸಿಕೊಳ್ಳುವ ಫ್ಲೈಟ್ ರೆಕಾರ್ಡರಿಗೆ ಒಂದೇ ಸಾಲು ಕೊಟ್ಟಿದ್ದು ಅನ್ಯಾಯ. ಹಿಂದೆ ಪ್ರೊಡಕ್ಷನ್ನಿನಲ್ಲಿ ಬಳಸಲು ದುಡ್ಡು ಕೊಡಬೇಕಿತ್ತು, 2018ರಲ್ಲಿ ಜಾವಾ 11ರ ಜೊತೆ ಮುಕ್ತವಾಯಿತು, 2020ರಲ್ಲಿ ಜಾವಾದ ಮುಕ್ತ ಆವೃತ್ತಿಯಾದ ಓಪನ್‌ಜೆಡಿಕೆ 8ಕ್ಕೂ ಬಂತು. ಇದು ಗೊತ್ತಿಲ್ಲದವರು ಇನ್ನೂ ಇದ್ದಾರೆ, ಲೈಸೆನ್ಸ್ ಬೇಕು ಅಂತ ಮುಟ್ಟುವುದೇ ಇಲ್ಲ. ಮಾಮೂಲಿ ಸೆಟ್ಟಿಂಗಿನಲ್ಲಿ ಅದರ ಹೊರೆ ಶೇಕಡಾ 1ರ ಒಳಗೆ ಇರಬೇಕು ಅನ್ನುವ ಗುರಿ ಇಟ್ಟುಕೊಂಡೇ ಮಾಡಿದ್ದು. ಹಾಗಾಗಿ ಯಾವಾಗಲೂ ಓಡುತ್ತಿರಲಿ ಅಂತ ಬಿಡಬಹುದು. ರಾತ್ರಿ ತೊಂದರೆ ಆದರೆ ಹಿಂದಿನ ಒಂದು ಗಂಟೆಯ ದಾಖಲೆಯನ್ನು ಬೆಳಿಗ್ಗೆ ಬಿಡಿಸಿ ನೋಡಬಹುದು. ಆ ದಿನ ನಿಮ್ಮಲ್ಲಿ ಇದು ಇದ್ದಿದ್ದರೆ ಮೊದಲ ರೀಸ್ಟಾರ್ಟಿನ ಮುಂಚೆಯೇ ಏನಾಗುತ್ತಿತ್ತು ಅಂತ ಗೊತ್ತಾಗುತ್ತಿತ್ತು. ಇದಕ್ಕೆ ಅರ್ಧ ಪುಟ ಕೊಡಿ.

ಭಾಷೆಯ ಬಗ್ಗೆ ಒಂದು ಮಾತು. ಥ್ರೆಡ್‌ಗೆ 'ಎಳೆ' ಅಂತ, ಹೀಪಿಗೆ 'ರಾಶಿಸ್ಮೃತಿ' ಅಂತ, ಪೂಲಿಗೆ 'ಕೊಳ' ಅಂತ ಬರೆದಿದ್ದೀರಿ. ಕನ್ನಡದ ಮೇಲಿನ ಪ್ರೀತಿಯಿಂದ ಬರೆದಿದ್ದೀರಿ ಅಂತ ಗೊತ್ತು, ಆ ಪ್ರೀತಿ ನನಗೂ ಇದೆ. ಆದರೆ ಓದುಗನ ಸ್ಕ್ರೀನಿನ ಮೇಲೆ ಇರುವುದು ಥ್ರೆಡ್ ಅನ್ನುವ ಪದ, ಅವನ ಬಾಯಲ್ಲಿ ಇರುವುದೂ ಅದೇ. ಎಳೆ ಅಂತ ಓದಿದಾಗಲೆಲ್ಲ ಅವನು ಮನಸ್ಸಿನಲ್ಲಿ ಥ್ರೆಡ್ ಅಂತ ತಿರುಗಿಸಿಕೊಳ್ಳಬೇಕು. ಹೆಸರುಗಳನ್ನು ಹಾಗೇ ಬಿಡಿ. ಕಾಯುತ್ತಿದೆ, ಹಿಡಿದಿಟ್ಟುಕೊಂಡಿದೆ, ಸಿಕ್ಕಿಹಾಕಿಕೊಂಡಿದೆ, ತುಂಬಿಹೋಯಿತು, ಇಂಥ ಕ್ರಿಯಾಪದಗಳಲ್ಲಿ ನಿಮ್ಮ ಕನ್ನಡ ಕೆಲಸ ಮಾಡಲಿ. ಎಂಟನೇ ಪುಟದಲ್ಲಿ ನೀವು ಗೊತ್ತಿಲ್ಲದೆ ಹಾಗೇ ಬರೆದಿದ್ದೀರಿ, ಅದಕ್ಕೇ ಅದು ಓದಿಸಿಕೊಂಡು ಹೋಗುತ್ತದೆ.

ಹೊಸದಾಗಿ ಬರೆಯುವಾಗ ಆ ಹನ್ನೊಂದು ಗಂಟೆಯ ಪೇಜಿನಿಂದಲೇ ಶುರು ಮಾಡಿ. ಆರು ಪುಟ ಸಾಕು. ಕಂಪನಿಯ ಹೆಸರು, ಕಾಲೇಜಿನ ಹೆಸರು, ಸರ್ವರ್ ಹೆಸರು ಯಾವುದೂ ಬೇಡ, ಮತ್ತು ಇದನ್ನು ಬರೆಯಲು ಆಫೀಸಿನ ಒಪ್ಪಿಗೆ ತೆಗೆದುಕೊಳ್ಳಿ. ಆ ಥ್ರೆಡ್ ಡಂಪಿನ ಹತ್ತು ಹನ್ನೆರಡು ಸಾಲನ್ನು ಹೆಸರುಗಳನ್ನು ತೆಗೆದು ಹಾಕಿ, ಪ್ರತಿ ಸಾಲನ್ನೂ ಬಿಡಿಸಿ ಹೇಳಿ. ನಿಮ್ಮನ್ನು ತಡೆದ ಆ ಹಿರಿಯರು ಡಂಪ್ ತೆರೆದ ಕೂಡಲೇ ಮೊದಲು ಏನನ್ನು ಹುಡುಕಿದರು, ಯಾಕೆ ಅದನ್ನೇ ಹುಡುಕಿದರು ಅಂತ ಅವರನ್ನೇ ಕೇಳಿ ಬರೆಯಿರಿ. ನನಗೆ ಅದನ್ನು ಓದುವ ಆಸೆ ಬಹಳ ಇದೆ. ತಿಂಗಳ ಕೊನೆಯೊಳಗೆ ಕಳಿಸಿದರೆ ಮುಂದಿನ ಸಂಚಿಕೆಗೆ ಜಾಗ ಇಟ್ಟಿರುತ್ತೇನೆ.