ಡೋರ್ ಪ್ಯಾಡ್ ಮತ್ತೆ ಮತ್ತೆ ಕಿತ್ತು ಬರುತ್ತಿದೆಯಾ? ಮೊದಲು ನೀರಿನ ದಾರಿ ನೋಡಿ

ಪ್ರಶ್ನೆ: ನನ್ನದು 20 ವರ್ಷ ದಾಟಿದ ಮಾರುತಿ 800. ಮನೆ ಮಲ್ಪೆಯಲ್ಲಿ. ಡ್ರೈವರ್ ಕಡೆಯ ಡೋರ್ ಪ್ಯಾಡ್ (ಬಾಗಿಲಿನ ಒಳಬದಿಯ ಹೊದಿಕೆ) ಕೆಳಗಡೆ ಬಿಟ್ಟುಕೊಂಡಿದೆ. ಕಳೆದ ವರ್ಷ ಹೊಸ ಕ್ಲಿಪ್ ಹಾಕಿಸಿದೆ. ಮಳೆಗಾಲ ಮುಗಿಯುವಷ್ಟರಲ್ಲಿ ಮತ್ತೆ ಅದೇ ಕಥೆ. ಒಳಗಿನ ಹಲಗೆ ಉಬ್ಬಿ ಮೆತ್ತಗಾಗಿದೆ, ಬೂಷ್ಟಿನ ವಾಸನೆಯೂ ಇದೆ. ನಾಲ್ಕು ಸ್ಕ್ರೂ ಹೊಡೆದುಬಿಡಲೇ?

ಉತ್ತರ: ದಯವಿಟ್ಟು ಸ್ಕ್ರೂ ಹೊಡೆಯಬೇಡಿ. ತಗಡಿಗೆ ಹೊಸ ತೂತು ಬಿದ್ದಲ್ಲೆಲ್ಲ ತುಕ್ಕು ಶುರುವಾಗುತ್ತದೆ, ನಿಮ್ಮಲ್ಲಿ ಕಡಲ ಗಾಳಿ ಬೇರೆ. ಉದ್ದ ಸ್ಕ್ರೂ ಆದರೆ ಒಳಗೆ ಇಳಿಯುವ ಗ್ಲಾಸಿಗೂ ತಾಗೀತು.

ನಿಮ್ಮ ಪ್ಯಾಡಿನ ಒಳಗಿರುವುದು ಹಾರ್ಡ್‌ಬೋರ್ಡ್, ಅಂದರೆ ಮರದ ನಾರು ಒತ್ತಿ ಮಾಡಿದ ಹಲಗೆ. ನೀರು ಕುಡಿದರೆ ಉಬ್ಬುತ್ತದೆ, ಕ್ಲಿಪ್ಪಿನ ತೂತು ಪುಡಿಯಾಗುತ್ತದೆ. ಆಮೇಲೆ ಎಷ್ಟು ಹೊಸ ಕ್ಲಿಪ್ ಹಾಕಿದರೂ ಹಿಡಿಯಲು ಜಾಗವೇ ಇರುವುದಿಲ್ಲ.

ಕಾರಿನ ಬಾಗಿಲೊಳಗೆ ಮಳೆನೀರು ಹೋಗಿಯೇ ಹೋಗುತ್ತದೆ, ಅದು ದೋಷವಲ್ಲ. ಗ್ಲಾಸಿನ ರಬ್ಬರ್ ದಾಟಿ ಇಳಿದ ನೀರು ಬಾಗಿಲಿನ ಅಡಿಯ ಸಣ್ಣ ತೂತುಗಳಿಂದ ಹೊರಗೆ ಬೀಳಬೇಕು. ಪ್ಯಾಡಿಗೆ ತಾಗದಿರಲಿ ಎಂದು ನಡುವೆ ಒಂದು ಪ್ಲಾಸ್ಟಿಕ್ ಶೀಟ್ ಅಂಟಿಸಿರುತ್ತಾರೆ. ಸ್ಪೀಕರ್ ಕೂರಿಸುವಾಗಲೋ ಗ್ಲಾಸ್ ರಿಪೇರಿ ಮಾಡುವಾಗಲೋ ಇದನ್ನು ಹರಿದು ಎಸೆದುಬಿಡುವುದು ಜಾಸ್ತಿ. ನನಗೆ ತುಂಬಾ ಬೇಸರ ತರುವ ಕೆಲಸ ಇದು. ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರಲ್ಲಿ ಆ ಶೀಟ್ ಇಲ್ಲದೆ ಯಾವ ಪ್ಯಾಡ್ ಉಳಿದೀತು ಹೇಳಿ?

ಪ್ಯಾಡ್ ಬಿಚ್ಚಿ ನೋಡಿ. ಗ್ಲಾಸ್ ಏರಿಸುವ ಹ್ಯಾಂಡಲಿಗೆ ಸ್ಕ್ರೂ ಕಾಣದಿದ್ದರೆ ಹಿಂದೆ ಸಪೂರ ತಂತಿಯ ಲಾಕ್ ಇದೆ ಅಂತ ಅರ್ಥ. ಹ್ಯಾಂಡಲ್ ಮತ್ತು ಪ್ಯಾಡಿನ ನಡುವೆ ಬಟ್ಟೆಯ ಪಟ್ಟಿ ತೂರಿಸಿ, ಶೂ ಪಾಲಿಶ್ ಮಾಡುವ ಹಾಗೆ ಆಚೀಚೆ ಎಳೆಯಿರಿ. ಲಾಕ್ ಸಿಡಿದು ಹಾರುತ್ತದೆ, ಇನ್ನೊಂದು ಕೈ ಅಡ್ಡ ಹಿಡಿದಿರಿ. ಆರ್ಮ್‌ರೆಸ್ಟಿನ ಸ್ಕ್ರೂಗಳನ್ನೂ ಬಿಚ್ಚಿ. ಆಮೇಲೆ ಒಂದೊಂದೇ ಕ್ಲಿಪ್ಪಿನ ಪಕ್ಕದಲ್ಲೇ ಚಪ್ಪಟೆ ಪ್ಲಾಸ್ಟಿಕ್ ತುಂಡು ತೂರಿಸಿ ಎಬ್ಬಿಸಿ. ದೂರದಿಂದ ಎಳೆದರೆ ಹಲಗೆ ಮುರಿಯುತ್ತದೆ.

ಈಗ ಗ್ಲಾಸಿನ ಹೊರಬದಿಯ ರಬ್ಬರಿನ ಗುಂಟ ಒಂದು ಚೊಂಬು ನೀರು ನಿಧಾನಕ್ಕೆ ಹೊಯ್ಯಿರಿ. ಸ್ವಲ್ಪ ಹೊತ್ತಿನಲ್ಲಿ ಬಾಗಿಲಿನ ಅಡಿಯಿಂದ ತೊಟ್ಟಿಕ್ಕಬೇಕು. ಬರಲಿಲ್ಲವೇ? ಎಲೆಯ ಚೂರು, ಕೆಂಪು ಮಣ್ಣು ಸೇರಿ ತೂತು ಕಟ್ಟಿದೆ. ಹಿಡಿಸೂಡಿಯ ಕಡ್ಡಿ ಹಾಕಿ ಬಿಡಿಸಿ. ಸ್ಕ್ರೂಡ್ರೈವರ್ ಹಾಕಿದರೆ ಪೇಂಟ್ ಕೆರೆದುಹೋಗುತ್ತದೆ.

ಶೀಟ್ ಹರಿದಿದ್ದರೆ ಹಾರ್ಡ್‌ವೇರ್ ಅಂಗಡಿಯ ದಪ್ಪ ಪ್ಲಾಸ್ಟಿಕ್ ಸಾಕು. ಹಳೆಯದರ ಅಳತೆಗೇ ಕತ್ತರಿಸಿ, ಬ್ಯೂಟೈಲ್ ಟೇಪಿನಲ್ಲಿ (ಒಣಗದೆ ಮೆತ್ತಗೇ ಉಳಿಯುವ ರಬ್ಬರ್ ಅಂಟುಪಟ್ಟಿ) ಸುತ್ತಲೂ ಅಂಟಿಸಿ. ಶೀಟಿನ ಕೆಳತುದಿ ಮಾತ್ರ ಬಾಗಿಲಿನ ತಗಡಿನ ಸೀಳಿನೊಳಗೆ ಹೋಗಿರಬೇಕು. ಆಗ ಶೀಟಿನ ಮೇಲೆ ಇಳಿದ ನೀರು ಬಾಗಿಲೊಳಗೇ ಬೀಳುತ್ತದೆ. ತುದಿ ಹೊರಗೆ ಉಳಿದರೆ ಅಷ್ಟೂ ನೀರು ನಿಮ್ಮ ಪ್ಯಾಡಿಗೆ. ವಿನೆಗರ್ ವಾಸನೆಯ ಸಿಲಿಕಾನ್ ಹಚ್ಚಬೇಡಿ, ಅದು ತಗಡನ್ನು ತಿನ್ನುತ್ತದೆ.

ಹಲಗೆ ಇಡೀ ಮೆತ್ತಗಾಗಿದ್ದರೆ ಅದನ್ನೇ ಮಾದರಿಯಾಗಿ ಕೊಟ್ಟು ಕುಶನ್ ಕೆಲಸದವರಲ್ಲಿ ಹೊಸದು ಮಾಡಿಸಿ. ಒಂದೆರಡು ತೂತು ಮಾತ್ರ ಹೋಗಿದ್ದರೆ ಬಿಸಿಲಿಗೆ ಚೆನ್ನಾಗಿ ಒಣಗಿಸಿ, ಹಿಂದಿನಿಂದ ತೆಳು ಅಲ್ಯುಮಿನಿಯಂ ತುಂಡು ಅಂಟಿಸಿ, ಅದರಲ್ಲಿ ಕ್ಲಿಪ್ಪಿನ ಅಳತೆಯ ತೂತು ಮಾಡಿ. ಬಿಳಿ ಫೆವಿಕಾಲ್ ಬೇಡ, ತೇವಕ್ಕೆ ಬಿಟ್ಟುಕೊಳ್ಳುತ್ತದೆ. ರೆಕ್ಸಿನ್‌ಗೆ ಬಳಸುವ ಹಳದಿ ರಬ್ಬರ್ ಅಂಟು ತನ್ನಿ. ಎರಡೂ ಕಡೆ ತೆಳ್ಳಗೆ ಸವರಿ, 10–15 ನಿಮಿಷ ಬಿಟ್ಟು, ಬೆರಳಿಗೆ ಹತ್ತದಂತಾದ ಮೇಲೆ ಒತ್ತಿ. ಮಳೆ ಹೊಯ್ಯುವ ದಿನ ಈ ಕೆಲಸ ಬೇಡ, ಅಂಟಿನ ಮೇಲೆ ತೇವ ಕೂತು ಹಿಡಿತ ಬರುವುದಿಲ್ಲ. ಹಲಗೆಯ ಹಿಂಬದಿಗೆ, ಅಂಚಿಗೆ ಎರಡು ಕೋಟ್ ವಾರ್ನಿಷ್ ಹೊಡೆದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ಸುರತ್ಕಲ್‌ನಿಂದ ಮಂಗಳೂರಿಗೆ ದಿನಾ ಓಡಾಟ. ಮುಂದಿನ ಗ್ಲಾಸಿನ ಪಕ್ಕದ ಕಂಬದ ಕವರ್ ಸಡಿಲಾಗಿ ಕಟಕಟ ಅನ್ನುತ್ತಿದೆ. ಅದರ ಮೇಲೆ ‘ಏರ್‌ಬ್ಯಾಗ್’ ಅಂತ ಬರೆದಿದೆ. ಅಂಟಿಸಬಹುದಾ?

ಉತ್ತರ: ಬೇಡ. ಆ ಕವರಿನ ಹಿಂದೆಯೇ ಕರ್ಟನ್ ಏರ್‌ಬ್ಯಾಗ್, ಅಂದರೆ ಪಕ್ಕದ ಗ್ಲಾಸಿಗೆ ಪರದೆಯಂತೆ ಇಳಿಯುವ ಗಾಳಿಚೀಲ, ಬಿಚ್ಚಿಕೊಳ್ಳುವುದು. ಅಂಟಿಸಿದರೆ ಅಪಘಾತದ ಹೊತ್ತಿಗೆ ಅದು ಸರಿಯಾಗಿ ತೆರೆಯದೇ ಹೋಗಬಹುದು, ಕವರೇ ಮುಖಕ್ಕೆ ಹಾರಬಹುದು. ಅಲ್ಲಿನ ಕ್ಲಿಪ್ ಕವರನ್ನು ಹಾರಲು ಬಿಡದೆ ಹಿಡಿದಿಡುವಂಥದ್ದು, ಅನೇಕ ಗಾಡಿಗಳಲ್ಲಿ ಒಮ್ಮೆ ತೆಗೆದರೆ ಹೊಸದೇ ಹಾಕಬೇಕು. ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಒರಿಜಿನಲ್ ಕ್ಲಿಪ್ ಹಾಕಿಸಿ, ಕೆಲಸಕ್ಕೆ ಮೊದಲು ಬ್ಯಾಟರಿ ಕನೆಕ್ಷನ್ ತೆಗೆದಿದ್ದಾರಾ ಅಂತ ನಿಂತು ನೋಡಿ.